ಸೀರೆಯ ಅಳತೆಗೆ ತಂದ ಪೆಟ್ಟಿಗೆಗಳು

ಮಗ ನನ್ನನ್ನು ವ್ಯಾಪಾರದಿಂದ ಹೊರಗೆ ಹಾಕಾಕ ನೋಡಿದ ಅಂತ ನಮ್ಮ ಓಣಿಯವರು ಇವತ್ತಿಗೂ ಅಂತಾರೆ. ಅದು ಸುಳ್ಳು. ಅವನು ಹಾಗೆ ಯೋಚನೆ ಮಾಡಿದವನಲ್ಲ, ಸೊಸೆ ಕಿವಿಯೂದಿದವಳಲ್ಲ. ದೊಡ್ಡ ಮೋಟರ್ ಸೈಕಲ್ಲಿಗೆ ಎರಡು ಪೆಟ್ಟಿಗೆ ತಂದೆವು. ಆರಿಸುವಾಗ ಸೀರೆಯ ಅಳತೆ ತಗೊಂಡೆವು, ಕಾಲಿನ ಅಳತೆ ತಗೊಳ್ಳಲಿಲ್ಲ. ಆಗಿದ್ದು ಇಷ್ಟೇ. ಉಳಿದದ್ದೆಲ್ಲ ಅದರ ಹಿಂದಿಂದ ಬಂದದ್ದು.

ನನ್ನ ಕೆಲಸ ಸೀರೆಯದು. ನಾರಾಯಣಪೇಟೆಯ ಬಜಾರದಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಮೊದಲು ನನ್ನ ಗಂಡ ಕೂಡುತ್ತಿದ್ದ, ಅವನು ಹೋದಮೇಲೆ ಮಗ ಕೂಡುತ್ತಾನೆ. ಗದ್ವಾಲದ ಕಡೆಯದೆಲ್ಲ ನನ್ನದು. ನಮ್ಮೂರಲ್ಲೂ ಮಗ್ಗ ಇವೆ, ನಮ್ಮ ಸೀರೆಗೂ ಹೆಸರಿದೆ. ಆದರೆ ಮದುವೆ ಅಂತ ಬಂದರೆ ಮಕ್ತಲದ ದೊಡ್ಡ ಮನೆಯ ಹೆಂಗಸರು ಗದ್ವಾಲ ಸೀರೆಯನ್ನೇ ಕೇಳುತ್ತಾರೆ. ಅದರ ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಹತ್ತಿಯೂ ರೇಷ್ಮೆಯೂ ಕೂಡುವ ಜಾಗ ಗಟ್ಟಿ ಇದ್ದರೆ ಸೀರೆ ಬಾಳುತ್ತದೆ, ಅಲ್ಲಿ ಸಡಿಲ ಬಿದ್ದರೆ ಎರಡು ಸಲ ಒಗೆಯುವುದರೊಳಗೆ ಬಾಯಿ ಬಿಡುತ್ತದೆ. ಹೆಬ್ಬೆರಳಿನ ಉಗುರು ಆಡಿಸಿದರೆ ಗೊತ್ತಾಗುತ್ತದೆ. ನೇಕಾರರ ಮನೆಗೆ ಹೋಗಿ ಬಣ್ಣ ಹೇಳುವುದು, ಮಗ್ಗದಿಂದ ಇಳಿದಮೇಲೆ ನೋಡಿ ತರುವುದು, ಮಕ್ತಲದಲ್ಲಿ ಮನೆಯೊಳಗೆ ಕುಂತು ತೋರಿಸುವುದು, ಇದನ್ನು ನಾನು ಮಗ ಹುಟ್ಟುವ ಮೊದಲಿಂದ ಮಾಡಿಕೊಂಡು ಬಂದೆ.

ಆಗೆಲ್ಲ ಬಸ್ಸು. ತೆಲಂಗಾಣ ಬೇರೆ ರಾಜ್ಯ ಆಗಬೇಕು ಅಂತ ಗದ್ದಲ ಎದ್ದಾಗ ಬಸ್ಸು ನಿಂತವು. ಒಂದು ದಿನ ಎರಡು ದಿನ ಅಲ್ಲ. ಡಿಪೋದಲ್ಲಿ ಸಾಲಾಗಿ ನಿಂತವು, ಡ್ರೈವರುಗಳು ಗೇಟಿನ ಮುಂದೆ ಶಾಮಿಯಾನ ಹಾಕಿಕೊಂಡು ಕುಂತರು. ಉಟ್ಕೂರಿನತನಕ ಒಂದು ಆಟೊ, ಅಲ್ಲಿಂದ ಮಕ್ತಲಕ್ಕೆ ಇನ್ನೊಂದು, ಮುಂದಕ್ಕೆ ಏನೂ ಇಲ್ಲ. ಆಗ ಮಗ ಗಾಡಿ ತಗೊಂಡ. ಸಣ್ಣದು ಸಾಕಿತ್ತು. ಅವನಿಗೆ ದೊಡ್ಡದೇ ಬೇಕಿತ್ತು. ಅದು ಓಣಿಗೆ ಬಂದರೆ ಕಟ್ಟಿದ ಎಮ್ಮೆಗಳು ತಲೆ ಎತ್ತಿ ನೋಡುತ್ತಿದ್ದವು.

ಶಬ್ದ ಏನೇ ಇರಲಿ, ನನಗೆ ಅನುಕೂಲವಾಯಿತು. ಎಡಗಡೆ ಹೆಂಗಸರು ಕಾಲಿಡುವ ಪಟ್ಟಿ ಇತ್ತು. ಅದರ ಮೇಲೆ ಎರಡೂ ಕಾಲಿಟ್ಟು, ಓರೆಯಾಗಿ ಕುಂತು, ಸೀರೆ ಗಂಟು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ಮಗನ ಹೆಗಲು. ನೇಕಾರರ ಮನೆ ಗದ್ವಾಲ ದಾಟಿ ಇಟಿಕ್ಯಾಲದ ಕಡೆ ಒಂದು ಹಳ್ಳಿ. ಬಸ್ಸು ಇಳಿದು ಬಿಸಿಲಲ್ಲಿ ನಡೆಯಬೇಕು. ನನ್ನ ಮೊಣಕಾಲು ಆ ನಡಿಗೆಗೆ ಆಗಲೇ ಒಲ್ಲೆ ಅಂದಿದ್ದವು. ಗಾಡಿ ನೇಕಾರರ ಬಾಗಿಲಿಗೇ ಒಯ್ಯುತ್ತಿತ್ತು. ಅದಕ್ಕೇ ರಾಜ್ಯ ಬಂದು, ಬಸ್ಸು ಮತ್ತೆ ಓಡಾಡಿ, ಹೊಸ ಗಾಡಿಗಳ ನಂಬರು ಬದಲಾದಮೇಲೂ ನಾನು ಬಸ್ಸಿಗೆ ಹೋಗಲಿಲ್ಲ. ನಮ್ಮ ಗಾಡಿಗೆ ಹಳೇ ನಂಬರೇ ಉಳಿಯಿತು. ಅದರ ಮೇಲೆ ಆಂಧ್ರದ ಅಕ್ಷರ ಇದೆ ಅಂತ ಕೆಲವರು ಚೇಷ್ಟೆ ಮಾಡಿದರು. ನಮಗೆ ಆಂಧ್ರ ಹೋಗಿ ತೆಲಂಗಾಣ ಬಂತು, ರಾಯಚೂರು ಇದ್ದಲ್ಲೇ ಇತ್ತು, ಅಲ್ಲಿನ ನಮ್ಮ ನೆಂಟರೂ ಅಲ್ಲೇ ಇದ್ದರು.

ರಾಜ್ಯ ಬಂದ ವರ್ಷ ಮದುವೆ ಜಾಸ್ತಿಯಾದವು, ಯಾಕೋ ಗೊತ್ತಿಲ್ಲ. ಗಂಟು ತೊಡೆಯ ಮೇಲೆ ಹಿಡಿಸದಷ್ಟಾಯಿತು. ಗದ್ವಾಲದ ದಾರಿಯ ಜೂರಾಲ ಅಣೆಕಟ್ಟೆಯ ಮೇಲೆ ಹೊಳೆಯ ಗಾಳಿ ಒಂದೇ ಸಮ ಹೊಡೆಯುತ್ತದೆ. ಒಂದು ಸಲ ಗಂಟು ಎದೆಯ ಮೇಲೆ ಒರಗಿ ನನ್ನನ್ನೇ ಹಿಂದಕ್ಕೆ ನೂಕಿತು. ಅವತ್ತು ಮನೆಗೆ ಬಂದು ಹಳೇ ಜಮಖಾನೆ ಹರಿದು ಹಸಿಬೆ ಹೊಲಿದೆ. ಎತ್ತಿನ ಬೆನ್ನಿಗೆ ಹಾಕುವ ಹಾಗೆ ಎರಡೂ ಕಡೆ ಚೀಲ, ನಡುವೆ ಪಟ್ಟಿ. ಸೀಟಿನ ಮೇಲೆ ಹಾಸಿ, ಅದರ ಮೇಲೆ ನಾನು ಕುಂತೆ. ಗಂಟು ಕೆಳಗೆ ಹೋಯಿತು, ತೊಡೆ ಖಾಲಿಯಾಯಿತು. ಸುಖವಾಗಿತ್ತು.

ಎತ್ತಿನ ಹೊಟ್ಟೆ ಬಿಸಿ ಇರುವುದಿಲ್ಲ, ಗಾಡಿಯ ಬಲಗಡೆ ಸೈಲೆನ್ಸರ್ ಇರುತ್ತದೆ. ಅದು ತಲೆಗೆ ಬರಲಿಲ್ಲ. ಮಕ್ತಲದ ಹತ್ತಿರ ಬಂದಾಗ ವಾಸನೆ ಬಂತು.

"ಯಾರೋ ಕೂದಲು ಸುಡಾಕತ್ತಾರ" ಅಂದ ಮಗ.

"ಕೂದಲಲ್ಲ, ರೇಷ್ಮಿ. ನಿಲ್ಸು" ಅಂದೆ.

ಬಲಗಡೆ ಚೀಲಕ್ಕೆ ತೂತು ಬಿದ್ದಿತ್ತು, ಒಳಗಿನ ಒಂದು ಸೀರೆಯ ಸೆರಗು ಕರಕಲಾಗಿತ್ತು. ಆ ಸೀರೆ ಕತ್ತರಿಸಿ ಸೊಸೆಗೆ ಎರಡು ಕುಪ್ಪಸ ಮಾಡಿಕೊಟ್ಟೆ. ಮಾರುವ ಸೀರೆ ಕುಪ್ಪಸವಾದರೆ ಅದು ವ್ಯಾಪಾರವಲ್ಲ. ಗಾಡಿಗೆ ಸರಿಯಾದ ಚೀಲ ತರೋಣ ಅಂತ ನಾನೇ ಅಂದೆ. ಮಗ ಮರುದಿನವೇ ರಾಯಚೂರಿಗೆ ತಯಾರಾದ. ಗಾಡಿಗೆ ಏನಾದರೂ ಹಾಕುವುದು ಅಂದರೆ ಅವನಿಗೆ ಹಬ್ಬ.

ನಾನು ಅಳತೆಗೆ ಒಂದು ಗದ್ವಾಲ ಸೀರೆ ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಈ ಸೀರೆಯನ್ನು ಮಗ್ಗದಿಂದ ಇಳಿಸಿ ಒಮ್ಮೆ ಮಡಚಿದರೆ ಆ ಮಡಿಕೆಯಲ್ಲೇ ಇರಬೇಕು. ಇನ್ನೊಂದು ಕಡೆ ಮಡಚಿದರೆ ಜರಿ ಮುರಿದು ಗೆರೆ ಬೀಳುತ್ತದೆ. ಕೊಳ್ಳುವವರು ಅದನ್ನು ಹಳೇ ಸೀರೆ ಅಂತಾರೆ.

ಅಂಗಡಿಯವ ನಡುವಯಸ್ಸಿನವ, ಮಾತುಗಾರ. ಗೋಡೆತುಂಬ ಚೀಲ, ಪೆಟ್ಟಿಗೆ, ಹೆಲ್ಮೆಟ್ ತೂಗಿಬಿಟ್ಟಿದ್ದ.

"ಏನ್ ಬೇಕ್ರಿ ಅಮ್ಮಾರ?"

"ಗಾಡಿಗಿ ಹಾಕಾಕ ಚೀಲ."

"ಎಲ್ಲಿಗಿ ಟೂರ್ ಹೊಂಟೀರಿ? ಲಡಾಖ್ ಕಡಿಗೇನು?"

"ಗದ್ವಾಲಕ."

"ಗದ್ವಾಲಕ ಯಾರ್ ಟೂರ್ ಹೋಗ್ತಾರ್ರಿ?"

"ನಾವು ಹೋಗ್ತೀವಿ. ವಾರಾ ವಾರಾ."

ಅವನು ಮೊದಲು ಬಟ್ಟೆಯ ಜೋಡಿ ಚೀಲ ತೆಗೆದ. ಸೀಟಿನ ಮೇಲಿಂದ ಎರಡೂ ಕಡೆ ಇಳಿಬಿಡುವಂಥದ್ದು. ನಾನು ಮುಟ್ಟಲೂ ಇಲ್ಲ. "ಇದು ಹಸಿಬಿ. ಇದನ್ನ ನಾವಾ ಹೊಲದು ಸುಟಗೊಂಡೀವಿ" ಅಂದೆ. ಆಮೇಲೆ ಚರ್ಮದ್ದು ತೆಗೆದ. ಬಕಲ್ಲು, ಹೊಲಿಗೆ, ಎಲ್ಲಾ ಚಂದ. ಮಗ ಅದನ್ನು ಸವರುತ್ತ ನಿಂತ. ನಾನು ಚೀಲದ ಬಾಯಿ ತೆಗೆದು ಮೂಸಿದೆ.

"ಇದರಾಗ ಸೀರಿ ಇಟ್ರ ಮದಿಮಗಳು ಚಪ್ಪಲಿ ಅಂಗಡ್ಯಾಗ ಕುಂತಂಗ ಆಗತೈತಿ" ಅಂದೆ.

"ವಾಸನಿ ವಾರದಾಗ ಹೋಗತೈತ್ರಿ."

"ವಾಸನಿ ಹೋಗಲಿ, ಆಮ್ಯಾಲೆ ನಾವು ಬರತೀವಿ."

ಮಗ ಕೈ ತೆಗೆದ. ಮೂರನೆಯದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಮುಚ್ಚಳಕ್ಕೆ ರಬ್ಬರಿನ ಅಂಚು, ಮಳೆ ಬಂದರೂ ಒಳಗೆ ನೀರು ಹೋಗುವುದಿಲ್ಲ. ಗಾಡಿಗೆ ಕಬ್ಬಿಣದ ಫ್ರೇಮು ಕೂಡಿಸಬೇಕು, ಪೆಟ್ಟಿಗೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಚಾವಿ ತಿರುವಿ ಹಿಡಿಕೆ ಎಳೆದರೆ ಪೆಟ್ಟಿಗೆ ಕೈಗೆ ಬರುತ್ತದೆ. ತಾನು ಒಂದು ಸಲ ಮಾಡಿ ತೋರಿಸಿದ.

"ತಡಿ, ನಾನಾ ತೆಗೀತೀನಿ" ಅಂದೆ. ತಿರುವಿದೆ, ಎಳೆದೆ, ಬಂತು. ಹಾಲಿನ ಕ್ಯಾನು ಎತ್ತಿದ ಹಾಗೆ ಎತ್ತಿಕೊಂಡು ಅಂಗಡಿಯೊಳಗೆ ನಡೆದು ನೋಡಿದೆ. ನೇಕಾರರ ಮನೆಯೊಳಗೆ ಒಯ್ದು, ತುಂಬಿ, ಮತ್ತೆ ತಂದು ಸಿಗಿಸಬಹುದು. ಗಂಟು ಕಟ್ಟುವ ಬಿಚ್ಚುವ ಕೆಲಸವೇ ಇಲ್ಲ.

"ಇಷ್ಟ ಸಲೀಸಾಗಿ ನನಗ ಬರತೈತಿ ಅಂದ್ರ ಕಳ್ಳಗೂ ಬರತೈತಲ್ಲಪಾ."

"ಕಳ್ಳನ ಕೈಯಾಗ ಚಾವಿ ಇರಂಗಿಲ್ರಿ."

"ಚಾವಿ ಇದ್ದಂವ ಕಳ್ಳ ಅಲ್ಲೇನು?"

"ಅಮ್ಮಾರ, ನಾನು ಪೆಟಗಿ ಮಾರಾಂವ, ಪೊಲೀಸ್ ಅಲ್ಲ" ಅಂದ. ಅದು ನ್ಯಾಯದ ಮಾತು.

ಪೆಟ್ಟಿಗೆಯಲ್ಲಿ ಎರಡು ಅಳತೆ ಇದ್ದವು. ಸಣ್ಣದರಲ್ಲಿ ಸೀರೆ ಇಟ್ಟು ನೋಡಿದೆ, ಅಡ್ಡ ಮಡಚಬೇಕಾಯಿತು. ದೊಡ್ಡದರಲ್ಲಿ ಇಟ್ಟೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಕುಂತಿತು. "ಸಣ್ಣದು ತಗೊಳ್ರಿ, ಗಾಡಿಗಿ ಒಪ್ಪತೈತಿ. ಇದು ಭಾಳ ಹೊರಗ ಬರತೈತಿ" ಅಂತ ಅಂಗಡಿಯವ ಹೇಳಿದ. ಅವನು ಹೇಳಲಿಲ್ಲ ಅಂತ ನಾನು ಅನ್ನುವುದಿಲ್ಲ. ಫ್ರೇಮಿನಲ್ಲೂ ಎರಡು ಥರ. ಒಂದು ಗಾಡಿಗೆ ಅಂಟಿಕೊಂಡು ಹೋಗುವಂಥದ್ದು, ಒಂದು ಅಗಲವಾಗಿ ಹೊರಗೆ ನಿಲ್ಲುವಂಥದ್ದು. ಸುಟ್ಟ ಸೀರೆ ಇನ್ನೂ ಕಣ್ಣ ಮುಂದೆ ಇತ್ತು. ಸೈಲೆನ್ಸರಿನಿಂದ ಎಷ್ಟು ದೂರ ಇದ್ದರೆ ಅಷ್ಟು ಚಲೋ ಅಂತ ನಾನು ಅಗಲದ್ದನ್ನೇ ಹೇಳಿದೆ. ಬಲಕ್ಕೆ ಯಾವುದೋ ಎಡಕ್ಕೂ ಅದೇ. ಮಗನಿಗೂ ಅದೇ ಬೇಕಿತ್ತು, ದೊಡ್ಡ ಗಾಡಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಫಿಟ್ ಮಾಡಿದರು. ನಾನು ಒಳಗೆ ಸ್ಟೂಲಿನ ಮೇಲೆ ಚಾ ಕುಡಿಯುತ್ತ ಮುಚ್ಚಳ ತೆಗೆದು ಹಾಕಿ ನೋಡುತ್ತಿದ್ದೆ. ಸೀರೆ ಒಳಗಿಟ್ಟು ಪೆಟ್ಟಿಗೆ ಅಲುಗಾಡಿಸಿ ಮತ್ತೆ ತೆಗೆದೆ, ಮಡಿಕೆ ಸರಿದಿರಲಿಲ್ಲ. ಎಲ್ಲಾ ಪರೀಕ್ಷೆಯೂ ಆಯಿತು. ಮಗ ಗಾಡಿ ಚಾಲೂ ಮಾಡಿ "ಬಾ ಯವ್ವಾ" ಅಂದ. ನಾನು ಎಡಗಡೆ ಹೋದೆ. ಕಾಲಿಡುವ ಪಟ್ಟಿ ಇದ್ದಲ್ಲೇ ಇತ್ತು, ಅದರ ಮೇಲೆ ಪೆಟ್ಟಿಗೆ ಕುಂತಿತ್ತು.

ಮಗನೂ ಅಂಗಡಿಯವನೂ ಬಗ್ಗಿ ನೋಡಿದರು.

"ಬಿಚ್ಚತೈತಲ್ಲ, ಬಿಚ್ಚು" ಅಂದೆ. ಮಗ ಪೆಟ್ಟಿಗೆ ಬಿಚ್ಚಿದ. ಫ್ರೇಮು ಉಳಿಯಿತು. ಸೀಟು ಹತ್ತಿ ಕುಂತು ಕಾಲು ಇಳಿಬಿಟ್ಟರೆ ಕಬ್ಬಿಣ ಮೊಣಕಾಲಿನ ಕೆಳಗೆ ಎಲುಬಿಗೇ ತಾಗುತ್ತಿತ್ತು. ಪಟ್ಟಿಗೆ ಕಾಲು ಮುಟ್ಟಲಿಲ್ಲ.

"ಗಂಡಸರಂಗ ಎರಡೂ ಕಡಿ ಕಾಲ್ ಹಾಕಿ ಕೂಡ್ರಿ ಅಮ್ಮಾರ, ಈಗ ಎಲ್ಲಾರೂ ಕೂಡ್ತಾರ."

"ಕೂಡಾಕ ನನಗೇನು ನಾಚಿಕಿ ಇಲ್ಲ. ಕಾಲು ಅಷ್ಟ ಮ್ಯಾಲೆ ಏಳಂಗಿಲ್ಲ. ನೀ ಎತ್ತಿ ಕೂಡಸ್ತಿ ಅಂದ್ರ ಹೇಳು, ವಾರಾ ವಾರಾ ಗದ್ವಾಲಕ ನೀನೂ ಬಾ."

ಮಗ ನಕ್ಕ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಮಕ್ತಲದಲ್ಲಿ ಬಸ್ಸು ಬದಲಿಸಿ ಮನೆಗೆ ಬರುವಷ್ಟರಲ್ಲಿ ಗಾಡಿ ಮನೆಯ ಮುಂದೆ ನಿಂತಿತ್ತು, ಓಣಿಯವರು ಪೆಟ್ಟಿಗೆ ತೆಗೆದು ಹಾಕಿ ನೋಡುತ್ತಿದ್ದರು.

ಅವತ್ತು ಉಣ್ಣುವಾಗ ಮಗನಿಗೆ ಹೇಳಿದೆ. "ಎಡಗಡೀದು ಪೂರಾ ತೆಗಸು. ಬಲಗಡಿ ಒಂದಾ ಸಾಕು."

"ಒಂದಾ ಹಾಕಿದ್ರ ಗಾಡಿ ವಾಲತೈತಿ ಯವ್ವಾ."

"ಎಡಗಡಿ ನಾ ಇರತೀನಲ್ಲ. ಪೆಟಗಿಕಿಂತ ನಾ ಹಗುರ ಇದ್ದೀನೇನು?"

"ನೋಡೂಣು" ಅಂದ.

ನೋಡೋಣ ಅಂದರೆ ನಮ್ಮ ಮನೆಯಲ್ಲಿ ಇಲ್ಲ ಅಂತ ಅರ್ಥ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ. ನಾನು ಮತ್ತೆ ಮತ್ತೆ ಕೇಳಲಿಲ್ಲ. ಮಗ ಪೆಟ್ಟಿಗೆಗಳನ್ನು ಬೆಳಿಗ್ಗೆ ಸಂಜೆ ಒರೆಸುತ್ತಿದ್ದ. ಅಂಗಡಿಗೆ ಹೋಗುವಾಗ ಖಾಲಿ ಪೆಟ್ಟಿಗೆಗಳನ್ನೂ ಹಾಕಿಕೊಂಡೇ ಹೋಗುತ್ತಿದ್ದ.

ಮಕ್ತಲದ ಒಂದು ಮನೆಯವರು ಮದುವೆಗೆ ಹೇಳಿದ್ದ ಸೀರೆಗಳು ಗದ್ವಾಲದ ಕಡೆ ತಯಾರಾದವು ಅಂತ ಫೋನು ಬಂತು. ತರಲೇಬೇಕು. ಮಗ ಒಬ್ಬನೇ ಹೊರಟ. "ಬಿಸಿಲು ಐತಿ, ನೀ ಮನಿಯಾಗ ಇರು" ಅಂದ. ಹೊರಡುವ ಮೊದಲು ಹೆಬ್ಬೆರಳು ಎಲ್ಲಿ ಇಡಬೇಕು, ಉಗುರು ಹೇಗೆ ಆಡಿಸಬೇಕು ಅಂತ ನನ್ನ ಸೆರಗಿನ ಮೇಲೇ ತೋರಿಸಿ ಕಳಿಸಿದೆ. ಇಷ್ಟು ವರ್ಷ ಅವನು ಗಾಡಿಯ ಹತ್ತಿರ ನಿಂತಿರುತ್ತಿದ್ದ, ಒಳಗೆ ಬಂದವನೇ ಅಲ್ಲ.

ಸಂಜೆಗೆ ಬಂದ. ಎರಡೂ ಪೆಟ್ಟಿಗೆ ಬಿಚ್ಚಿ ಪಡಸಾಲೆಯಲ್ಲಿ ಇಟ್ಟ. ನಾನು ಒಂದೊಂದೇ ಸೀರೆ ತೆಗೆದು ದೀಪಕ್ಕೆ ಹಿಡಿದೆ, ಉಗುರು ಆಡಿಸಿದೆ. ಚಲೋ ಇದ್ದವು. ಒಂದರಲ್ಲೂ ಸಡಿಲ ಇರಲಿಲ್ಲ, ಮಡಿಕೆ ಕೆಟ್ಟಿರಲಿಲ್ಲ. ಇದನ್ನೂ ಹೇಳಬೇಕು. ನಾನು ಹೋಗಿದ್ದರೂ ಇದಕ್ಕಿಂತ ಚಲೋ ತರುತ್ತಿರಲಿಲ್ಲ.

"ಸರಿ ಐತೇನು?" ಅಂದ.

"ಸರಿ ಐತಿ."

"ಆಕಿ ನಿನ್ನ ಕೇಳಿದ್ಲು. ಅಕ್ಕ ಯಾಕ ಬರಲಿಲ್ಲ, ಮೈಗೇನಾರ ಆರಾಮಿಲ್ಲೇನು ಅಂತ." ಆಕಿ ಅಂದರೆ ನೇಕಾರನ ಹೆಂಡತಿ. ತೆಲುಗಿನವಳು. ಆ ಮನೆಯಲ್ಲಿ ಯಾವ ಮಗ್ಗಕ್ಕೆ ಯಾವ ಬಣ್ಣ ಅಂತ ನಡೆಸುವವಳು ಅವಳೇ.

"ಏನಂದಿ?"

"ವಯಸ್ಸಾತು, ಇನ್ನಮ್ಯಾಲೆ ಮನಿಯಾಗ ಇರತಾಳ, ನಾನಾ ಬರತೀನಿ ಅಂದೆ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಯಾರಾದರೂ ಕೇಳಿದರೆ ಬಾಯಿಗೆ ಬರುವ ಮಾತು ಅದು. ಆದರೆ ಒಂದು ಸಲ ಅಲ್ಲಿ ಹಾಗೆ ಅಂದಮೇಲೆ ಮುಂದಿನ ಸಲ ನಾನು ಹೋದರೂ ಚಾ ಕೊಟ್ಟು ಕೂಡಿಸುತ್ತಾರೆ, ಮಾತು ಮಗನ ಹತ್ತಿರ ಆಡುತ್ತಾರೆ. ವ್ಯಾಪಾರದಲ್ಲಿ ಹಾಗೇ ಆಗುತ್ತದೆ. ನನಗಿಂತ ಮೊದಲು ಅಲ್ಲಿಗೆ ಹೋಗುತ್ತಿದ್ದ ನನ್ನ ಅತ್ತೆಗೆ ಹಾಗೇ ಆಗಿತ್ತು, ಆವಾಗ ಮುಂದೆ ನಿಂತು ಮಾತಾಡಿದವಳು ನಾನು.

"ಮುಂದಿನದಕ್ಕ ಬಣ್ಣ ಕೇಳಲಿಲ್ಲೇನು?"

"ಕೇಳಿದ್ಲು. ಹೇಳಿ ಬಂದೀನಿ. ನವಿಲು ಬಣ್ಣದ ಮೈ, ಕೆಂಪಂಚು."

"ಎಷ್ಟಕ್ಕ?"

"ಎಲ್ಲಾಕ್ಕೂ ಅದಾ. ಹೋದ ಸಲ ಅದಾ ಮೊದಲ ಖಾಲಿ ಆಗಿತ್ತಲ್ಲ?"

"ಮಕ್ತಲದಾಗ ಒಂದಾ ಓಣಿಯಾಗ ಎಲ್ಲಾ ಮನಿಗೂ ಒಂದಾ ಬಣ್ಣ ಒಯ್ದ್ರ ಏನಾಗತೈತಿ ಗೊತ್ತೈತೇನು? ಒಂದಾ ಮದಿವಿಗಿ ಎಲ್ಲಾರೂ ಅದನ್ನಾ ಉಟಗೊಂಡು ಬರತಾರ. ಬ್ಯಾಂಡಿನವರಂಗ. ಮರುದಿನ ಯಾರೂ ನಮಗ ಬಾಗಿಲಾ ತೆಗಿಯಂಗಿಲ್ಲ."

ಸೊಸೆ ರೊಟ್ಟಿ ಬಡಿಯುತ್ತಿದ್ದವಳು ನಕ್ಕಳು. ಮಗ ಅವಳ ಕಡೆ ನೋಡಿದ, ಅವಳು ಮತ್ತೆ ರೊಟ್ಟಿ ಬಡಿದಳು.

"ನೀನಾ ಫೋನ್ ಮಾಡಿ ಬ್ಯಾರೆ ಬಣ್ಣ ಹೇಳಿಬಿಡು" ಅಂದ.

"ನೀ ಹೋಗಿ ಹೇಳಿದ್ದನ್ನ ನಾ ಫೋನಿನಾಗ ಬದಲ್ ಮಾಡಿದ್ರ ಆಕಿ ಯಾರ ಮಾತು ಕೇಳಬೇಕು? ಹಾಸು ಯಾವಾಗ ಹಾಕ್ತಾರ?"

"ನಾಳಿ ಮಧ್ಯಾಹ್ನಕ್ಕ ಅಂದ್ರು."

ಮಗ್ಗಕ್ಕೆ ಹಾಸು, ಅಂದರೆ ಉದ್ದದ ನೂಲು, ಏರಿತು ಅಂದರೆ ಮುಗಿಯಿತು, ಆ ನೂಲು ಮುಗಿಯುವತನಕ ಅದೇ ಬಣ್ಣ. "ನಾಳಿ ನಾನೂ ಬರತೀನಿ" ಅಂದೆ. "ಹೆಂಗ ಬರತಿ?" ಅಂದ ಮಗ. ಕುಚೋದ್ಯಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ. ನಾನು ತಾಟು ತೊಳೆದಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆಯುವ ಮೊದಲು ಗಾಡಿಯ ಪಕ್ಕದ ಡಬ್ಬಿ ತೆಗೆದು ನಟ್ಟು ತಿರುವುವ ಪಾನಾ ಹುಡುಕಿದೆ. ಪೆಟ್ಟಿಗೆ ಬಿಚ್ಚುತ್ತದೆ, ಫ್ರೇಮು ಬಿಚ್ಚುವುದಿಲ್ಲ ಅಂತ ನಾವೇ ಅಂದುಕೊಂಡಿದ್ದೆವು, ಯಾರೂ ಹಾಗೆ ಹೇಳಿರಲಿಲ್ಲ. ಅದಕ್ಕೆ ಚಾವಿ ಇಲ್ಲ, ನಟ್ಟು ಇವೆ, ಅಷ್ಟೇ ಫರಕು. ಹೊಸ ನಟ್ಟು, ಜಂಗು ಹಿಡಿದಿರಲಿಲ್ಲ. ಎಡಗಡೆಯವುಗಳಲ್ಲಿ ಮೇಲಿನವು ಸಲೀಸಾಗಿ ಬಂದವು. ಕೆಳಗಿನದೊಂದು ಹಟ ಹಿಡಿಯಿತು. ನೆಲಕ್ಕೆ ಕುಂತು ಎರಡೂ ಕೈ ಹಾಕಿದೆ, ಬರಲಿಲ್ಲ.

ಸೊಸೆ ನೀರು ಹೊಡೆಯಲು ಕೊಡ ಹಿಡಿದು ಬಂದವಳು ನಿಂತು ನೋಡಿದಳು. ಕೊಡ ಇಳಿಸಿ ಬಂದಳು.

"ಅತ್ತಿ, ಸರೀರಿ. ಕೈಲಿ ಆಗಂಗಿಲ್ಲ ಅದು" ಅಂದು, ಪಾನಾ ಸಿಗಿಸಿ, ಸೀಟು ಹಿಡಿದು ಪಾನಾದ ಮೇಲೆ ಕಾಲಿಟ್ಟು ಒತ್ತಿದಳು. ಕಟ್ ಅಂತು.

"ಗಂಡನ ಗಾಡಿ ಬಿಚ್ಚಾಕತ್ತಿ, ಬೈತಾನ" ಅಂದೆ.

"ಬೈಲಿ. ಇದು ಬಂದಾಗಿಂದ ಮದ್ದೂರಿಗಿ ನಮ್ಮವ್ವನ ಮನಿಗಿ ಹೋಗಿಲ್ಲ ನಾನು. ಕೇಳಿದ್ರ ಆಟೋಕ ಹೋಗು ಅಂತಾರ. ನೀವೊಬ್ರಾ ಕೂಡ್ತೀರೇನು ಗಾಡಿ ಮ್ಯಾಲೆ?"

ಅವಳೂ ಎಡಗಡೆಗೇ ಕೂಡುವವಳು ಅನ್ನುವುದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಅವಳು ಫ್ರೇಮು ಹಿಡಿದಳು, ನಾನು ಉಳಿದ ನಟ್ಟು ತಿರುವಿದೆ. ಬಿಚ್ಚಿದ ಕಬ್ಬಿಣ ಗೋಡೆಗೆ ಒರಗಿಸಿದೆವು. ಪಟ್ಟಿಯ ಮೇಲಿನ ಧೂಳು ಅವಳೇ ಸೆರಗಿನಿಂದ ಒರೆಸಿದಳು.

ಮಗ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದ. ಗಾಡಿ ನೋಡಿದ, ನಮ್ಮಿಬ್ಬರನ್ನೂ ನೋಡಿದ.

"ಏನ್ ಮಾಡೀರಿ ಇದನ್ನ?"

"ನಟ್ ಬಿಚ್ಚೀವಿ" ಅಂದೆ.

"ಒಂದ ಕಿವಿ ಕೊಯ್ದಂಗ ಕಾಣತೈತಲ್ಲ ಯವ್ವಾ."

"ಕಾಣಲಿ. ಮಕ್ತಲ ದಾಟೂದರಾಗ ರೂಢಿ ಆಗತೈತಿ. ಜಲ್ದಿ ಬಾಯಿ ತೊಳಿ, ಮಧ್ಯಾಹ್ನಕ್ಕ ಹಾಸು ಹಾಕ್ತಾರ."

ಅವನು ಸೊಸೆಯ ಕಡೆ ನೋಡಿದ. ಅವಳು ಕೊಡ ಎತ್ತಿಕೊಂಡು ನೀರು ಹೊಡೆಯಲು ಹೋದಳು. ಅವನು ಒಳಗೆ ಹೋಗಿ ಬಾಯಿ ತೊಳೆದು ಚಾವಿ ತರುವಷ್ಟರಲ್ಲಿ ನಾನು ಸೆರಗು ಸುತ್ತಿ ಸೊಂಟಕ್ಕೆ ಸಿಗಿಸಿ, ಗೋಡೆ ಹಿಡಿದು, ಗಾಡಿ ಹತ್ತಿ ಕುಂತಿದ್ದೆ.